ಕಡಲಿಗೆ ಕೊಟ್ಟ ಮುಂಗಡ

ಮೀನು ಹಿಡಿಯುವುದಕ್ಕೆ ಹಣ ಕೊಡಬೇಕೆಂಬುದನ್ನು ನಾನು ಮೊದಲು ಕೇಳಿದ್ದು ನನ್ನ 71ನೆಯ ವಯಸ್ಸಿನಲ್ಲಿ. ಮೀನು ಮಾರಿದವನಿಗೆ ಹಣ ಬರುತ್ತದೆ, ಕೊಂಡವನು ಹಣ ಕೊಡುತ್ತಾನೆ. ಇಷ್ಟು ಅರ್ಥಶಾಸ್ತ್ರ ನನಗೆ ಹುಟ್ಟಿನಿಂದಲೇ ಗೊತ್ತಿತ್ತು. ಆದರೆ ತಾನೇ ದೋಣಿ ಹತ್ತಿ, ತಾನೇ ರಟ್ಟೆ ಬೀಳುವಂತೆ ಮೀನು ಎಳೆದು, ಅದಕ್ಕಾಗಿ ದೋಣಿಯವನಿಗೆ ತಾನೇ ಹಣ ಎಣಿಸಿ ಕೊಡುವ ಮಹಾನುಭಾವರೂ ಲೋಕದಲ್ಲಿದ್ದಾರೆಂಬುದು, ಅವರಲ್ಲಿ ನನ್ನ ಮಗನೂ ಒಬ್ಬನೆಂಬುದು, ಬಾಸ್ಟನ್ನಿನ ಅವನ ಮನೆಯಲ್ಲಿ ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ತಿಳಿದುಬಂತು.

"ಅಪ್ಪ, ಬರುವ ಭಾನುವಾರ ಟ್ಯೂನಾ ಹಿಡಿಯಲು ಹೋಗೋಣ. ದೋಣಿ ಗೊತ್ತು ಮಾಡಿದ್ದೇನೆ. ಇಡೀ ದಿನ. ನೀವೂ ಬರಬೇಕು" ಎಂದ.

"ಎಷ್ಟು?" ಎಂದೆ. ಅಮೆರಿಕಕ್ಕೆ ಹೋದ ತಂದೆತಾಯಿಗಳು ಬಾಯಿ ತೆರೆದರೆ ಮೊದಲು ಹೊರಡುವ ಪ್ರಶ್ನೆ ಅದೇ ತಾನೆ.

"1,800 ಡಾಲರ್. ನನ್ನ ಇಬ್ಬರು ಗೆಳೆಯರೂ ಪಾಲು ಹಾಕುತ್ತಾರೆ."

ನಾನು ಮನಸ್ಸಿನಲ್ಲಿಯೇ ಗುಣಿಸಿದೆ. ಒಂದೂವರೆ ಲಕ್ಷ ರೂಪಾಯಿಯ ಹತ್ತಿರ ಬಂತು. ಅನ್ನದ ತುತ್ತು ಗಂಟಲಲ್ಲಿಯೇ ನಿಂತಿತು. ನನ್ನ ಅವಸ್ಥೆ ನೋಡಿ ಮೊಮ್ಮಗ ನೀರಿನ ಲೋಟವನ್ನು ಮುಂದಕ್ಕೆ ತಳ್ಳಿದ.

ಮಗ ಕರಾರುಪತ್ರವನ್ನು ಅಚ್ಚು ಹಾಕಿಸಿ ತಂದು ನನ್ನ ಕೈಗೆ ಕೊಟ್ಟ. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಇಂಥ ಕಾಗದಗಳನ್ನೇ ಓದಿ ಕಣ್ಣು ಸವೆಸಿಕೊಂಡವನಿಗೆ ಅದಕ್ಕಿಂತ ರುಚಿಯಾದ ವಾಚನ ಬೇರೆ ಇಲ್ಲವೆಂದು ಅವನಿಗೆ ಗೊತ್ತು. ಊಟ ಮುಗಿಸಿ, ಕನ್ನಡಕ ಒರೆಸಿ, ಸೋಫಾದ ಮೂಲೆಯಲ್ಲಿ ಕುಳಿತು ಸಾವಧಾನವಾಗಿ ಓದಿದೆ.

ದೋಣಿ ಹೊರಡುವ ಊರಿನ ಹೆಸರನ್ನು ಗ್ಲೌಸೆಸ್ಟರ್ ಎಂದು ಬರೆಯುತ್ತಾರೆ, ಗ್ಲಾಸ್ಟರ್ ಎಂದು ಕರೆಯುತ್ತಾರೆ. ಮ್ಯಾಸಚೂಸೆಟ್ಸಿನ ಹಳೆಯ ಮೀನುಗಾರರ ಊರು ಅದು, 1623ರಲ್ಲಿ ನೆಲೆಯಾದದ್ದು. ದೋಣಿಗೆ ಆರು ಜನರಿಗಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸುವಂತಿಲ್ಲ, ನಾವು ಐವರು. ನಡೆಸುವ ಕ್ಯಾಪ್ಟನನಿಗೆ ಕರಾವಳಿ ಪಡೆಯ ಲೈಸೆನ್ಸು ಉಂಟು. ಟ್ಯೂನಾ ಹಿಡಿಯುವ ಸರ್ಕಾರಿ ಪರವಾನಗಿಯೂ ದೋಣಿಯ ಹೆಸರಿನಲ್ಲಿಯೇ ಇರುವುದರಿಂದ ನಾವು ಬೇರೆ ಪಡೆಯಬೇಕಾಗಿಲ್ಲ. ಗಾಣ, ದಾರ, ಗಾಳ, ಎರೆ ಎಲ್ಲವೂ ಅವರದೇ. 500 ಡಾಲರ್ ಮುಂಗಡ. ಹವೆ ಕೆಟ್ಟಿತೆಂದು ಕ್ಯಾಪ್ಟನ್ ಬೇಡವೆಂದರೆ ಮುಂಗಡ ವಾಪಸು, ಇಲ್ಲವೆ ಬೇರೊಂದು ದಿನ. ಹೆದರಿ ನಾವೇ ಬೇಡವೆಂದರೆ ಮುಂಗಡ ಕಡಲಿಗೆ. ಹವೆಯ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು. ಕ್ಯಾಪ್ಟನನ ಕೈಕೆಳಗಿನ ಆಳಿಗೆ ಕೊಡುವ ಇನಾಮು, ಬಾಡಿಗೆಯ ಮೇಲೆ ನೂರಕ್ಕೆ ಹದಿನೈದರಿಂದ ಇಪ್ಪತ್ತು, ಇದರಲ್ಲಿ ಸೇರಿಲ್ಲ. ಮೀನು ಸಿಕ್ಕೇ ಸಿಗುತ್ತದೆಂದು ಭರವಸೆ ಇಲ್ಲ. ಸಿಗಲಿಲ್ಲವೆಂದು ಹಣ ಹಿಂದಕ್ಕೆ ಕೇಳುವಂತಿಲ್ಲ.

ಇಲ್ಲಿಯವರೆಗೆ ಸರಿಯೇ. ಮುಂದಿನ ಕಲಮಿನಲ್ಲಿ ಒಂದು ಸೋಜಿಗವಿತ್ತು. ನೀಲಿರೆಕ್ಕೆಯ ಟ್ಯೂನಾ ಸಿಕ್ಕಿ, ಅದು 27 ಅಂಗುಲಕ್ಕಿಂತ ಚಿಕ್ಕದಾಗಿದ್ದರೆ ಮರಳಿ ನೀರಿಗೆ ಬಿಡತಕ್ಕದ್ದು. ಅದಕ್ಕಿಂತ ದೊಡ್ಡದನ್ನು, ದೋಣಿಗೆ ಇಷ್ಟೇ ಎಂದು ಸರ್ಕಾರ ಹಾಕಿದ ಮಿತಿಯೊಳಗೆ ಇಟ್ಟುಕೊಳ್ಳಬಹುದು. ಆ ಮಿತಿ ಸುಗ್ಗಿಯ ನಡುವೆಯೇ ಬದಲಾದರೂ ಆಗಬಹುದು. ಆದರೆ 73 ಅಂಗುಲ ಮತ್ತು ಅದಕ್ಕೆ ಮೇಲ್ಪಟ್ಟ ಮೀನು ದೋಣಿಯ ಸೊತ್ತು. ಕ್ಯಾಪ್ಟನ್ ಅದನ್ನು ಮಾರಿಕೊಳ್ಳುತ್ತಾನೆ.

"ಏನಪ್ಪಾ ಇದು? ಹಣ ಕೊಡುವವರು ನಾವು, ಎಳೆಯುವವರು ನಾವು. ದೊಡ್ಡದು ಬಿದ್ದರೆ ಅವನಿಗೆ?" ಎಂದೆ.

"ಹಾಗೇ ಅಪ್ಪ. ಅಷ್ಟು ದೊಡ್ಡದನ್ನು ಮನೆಗೆ ತಂದು ನಾವು ಮಾಡುವುದಾದರೂ ಏನು? ಎಳೆದ ಸುಖ ನಮ್ಮದು" ಎಂದ ಮಗ.

ಎಳೆದ ಸುಖ! ಆ ಮಾತು ಆ ರಾತ್ರಿ ನನ್ನನ್ನು ಬಹಳ ಹೊತ್ತು ನಿದ್ರೆ ಮಾಡಗೊಡಲಿಲ್ಲ. ಕಾರಣವನ್ನು ವಾಚಕರಿಗೆ ಮುಚ್ಚಿಡದೆ ಹೇಳಿಬಿಡುತ್ತೇನೆ.

ನನ್ನ ಅಪ್ಪಯ್ಯ ಕುಂದಾಪುರದ ಕಡೆಯ ಒಂದು ಕಡಲ ದಂಡೆಯ ಊರಿನಲ್ಲಿ ರಂಪಣಿ ಎಳೆಯುತ್ತಿದ್ದವರು. ರಂಪಣಿಯೆಂದರೆ ದಂಡೆಯಿಂದ ಎಳೆಯುವ ಮಹಾಬಲೆ. ಮಳೆಗಾಲ ಕಳೆದು ಬಂಗುಡೆಯ ಹಿಂಡು ತೀರಕ್ಕೆ ಬಂದಾಗ, ನೀರಿನ ಬಣ್ಣ ನೋಡಿಯೇ ಗುರುತಿಸಿ ಕೂಗು ಹಾಕುವವನೊಬ್ಬ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬರುವವರು ಕೆಲವರು. ಎರಡು ತುದಿಗಳ ಹಗ್ಗ ಹಿಡಿದು ದಂಡೆಗೆ ಎಳೆಯುವವರು ಐವತ್ತು ಅರವತ್ತು ಮಂದಿ. ಗಂಟೆಗಟ್ಟಲೆ ಎಳೆಯಬೇಕು. ಬಂದ ಮೀನಿನಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ಆಳಿಗೆ ಪಾಲು. ಗಂಡ ಸತ್ತ ಹೆಂಗಸು ಬುಟ್ಟಿ ಹಿಡಿದು ನಿಂತರೆ ಅವಳಿಗೂ ಇಷ್ಟು. ಹಗ್ಗಕ್ಕೆ ಕೈ ಹಚ್ಚಿದ ನನ್ನಂಥ ಹುಡುಗರಿಗೆ ಕೂಡ ನಾಲ್ಕು ಮೀನು. ಬಾರದ ದಿನ ಯಾರಿಗೂ ಏನೂ ಇಲ್ಲ. ಅಂಥ ದಿನಗಳಲ್ಲಿ ಅಪ್ಪಯ್ಯ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕೂತು ಅಂಗೈಯನ್ನು ನೋಡಿಕೊಳ್ಳುತ್ತಿದ್ದರು. ಹಗ್ಗ ಉಜ್ಜಿ ಉಜ್ಜಿ ಅದರ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಎಳೆದ ಸುಖದ ಮಾತನ್ನು ಅವರ ಬಾಯಿಂದ ನಾನು ಕೇಳಲಿಲ್ಲ.

"ಕಡ್ಲಿಗ್ ಹೋಪುದ್ ಬ್ಯಾಡ ಮಗಾ, ನೀನ್ ಶಾಲಿಗ್ ಹೋಗ್" ಎಂದು ಅವರು ಅಟ್ಟಿದ ಕಡೆಗೆ ನಾನು ಹೋದೆ. 1973ರಲ್ಲಿ ಬ್ಯಾಂಕಿನ ಗುಮಾಸ್ತಿಕೆಗೆ ಅರ್ಜಿ ತುಂಬಿದಾಗ 'ತಂದೆಯ ಉದ್ಯೋಗ' ಎಂಬ ಕಲಮಿನ ಮುಂದೆ 'ಕೃಷಿ' ಎಂದು ಬರೆದೆ. ನಮಗೆ ಒಂದು ಮೊಳ ಗದ್ದೆಯೂ ಇರಲಿಲ್ಲ. ಅಪ್ಪಯ್ಯನಿಗೆ ಓದಲು ಬಾರದು, "ಎಂತ ಬರ್ದೆ?" ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, "ಸರೀಯೇ ಬರ್ದೆ. ನಾನ್ ಕಡ್ಲ್ ಉತ್ತದ್ದ್ ಅಲ್ದಾ?" ಎಂದರು. ಆ ನಗುವನ್ನು ನಾನು ಮರೆತಿಲ್ಲ.

ಆಮೇಲಿನ ಕೆಲವೇ ವರ್ಷಗಳಲ್ಲಿ ಯಂತ್ರದ ಪರ್ಸೀನ್ ದೋಣಿಗಳು ಬಂದವು. ಬಂಗುಡೆಯ ಹಿಂಡು ದಂಡೆಗೆ ಬರುವ ಮೊದಲೇ ಆಳದಲ್ಲಿಯೇ ಸುತ್ತುಗಟ್ಟಿ ಎತ್ತಿಕೊಂಡವು. ರಂಪಣಿಗಳು ಚಪ್ಪರದ ಕೆಳಗೆ ಇಲಿಗಳ ಪಾಲಾದವು. ಆ ದೋಣಿಗಳ ಸಾಲದ ಅರ್ಜಿಗಳಲ್ಲಿ ಕೆಲವು ನನ್ನ ಮೇಜಿನ ಮೇಲೆಯೇ ಹಾದುಹೋದವು. ಕಾಗದಪತ್ರ ಕ್ರಮವಾಗಿದೆ ಎಂದು ನಾನೇ ಗುರುತು ಹಾಕಿದ್ದೇನೆ. ಅಪ್ಪಯ್ಯ ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಮಗ ಬೆಂಗಳೂರಿನಲ್ಲಿ ಬೆಳೆದ. ಅಜ್ಜನಿಗೆ ದೋಣಿಯ ಸಂಬಂಧವಿತ್ತೆಂದು ಅವನಿಗೆ ಅಷ್ಟಿಷ್ಟು ಗೊತ್ತು. ಅದಕ್ಕಿಂತ ಹೆಚ್ಚು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ಕೇಳದೆ ಹೇಳದೆ ಐವತ್ತು ವರ್ಷ ಸುಖವಾಗಿ ಕಳೆದುಹೋದವು.

ಈಗ ಕರಾರುಪತ್ರದ ಕೊನೆಯ ಹಾಳೆಯಲ್ಲಿ ಪ್ರತಿಯೊಬ್ಬ ಪ್ರಯಾಣಿಕನೂ ತುಂಬಬೇಕಾದ ಪಟ್ಟಿ. ಹೆಸರು, ವಯಸ್ಸು, ಕಾಯಿಲೆ ಏನಾದರೂ ಉಂಟೆ, ಮೀನು ಹಿಡಿದ ಅನುಭವ ಉಂಟೆ. ಲೇಖನಿ ಕೈಯಲ್ಲಿ ಹಿಡಿದು ಮಗ ಕಾದಿದ್ದ. "ಅನುಭವ: ಇಲ್ಲ" ಎಂದು ಬರೆಸಿದೆ. ರಕ್ತದ ಒತ್ತಡವನ್ನು ಮಾತ್ರ ಪ್ರಾಮಾಣಿಕವಾಗಿ ಒಪ್ಪಿಕೊಂಡೆ.

ಪಟ್ಟಿಯ ಕೆಳಗೆ ಇನ್ನೊಂದು ಸೂಚನೆಯಿತ್ತು: ಬೆಚ್ಚನೆಯ ಬಟ್ಟೆ ತನ್ನಿ, ಊಟ ತನ್ನಿ, ಓಕರಿಕೆಯ ಮಾತ್ರೆಯನ್ನು ಹಿಂದಿನ ರಾತ್ರಿಯೇ ನುಂಗಿ, ಬಾಳೆಹಣ್ಣನ್ನು ಮಾತ್ರ ತರಬೇಡಿ. ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗದೆಂದು ಆ ಕಡೆಯ ಕಡಲಿಗರ ನಂಬಿಕೆಯಂತೆ. ತೆಂಗಿನಕಾಯಿ ಬಾಳೆಹಣ್ಣು ಕೊಟ್ಟು ಕಡಲನ್ನು ಪೂಜಿಸುವ ಊರಿನಿಂದ ಬಂದವನಿಗೆ ಇದೆಂಥ ಶಾಸ್ತ್ರವೆನಿಸಿತು. ಆದರೂ ಪರದೇಶದ ದೇವರನ್ನು ಕೆಣಕಬಾರದೆಂದು ಮನೆಯಲ್ಲಿದ್ದ ಹಣ್ಣನ್ನು ಮುಟ್ಟದೆ ಬಿಟ್ಟೆವು. ನನ್ನ ಹೆಂಡತಿ ಬುತ್ತಿಗೆಂದು ಹಿಂದಿನ ರಾತ್ರಿ ಬನ್ಸ್ ಕರಿದು ಡಬ್ಬಿಯಲ್ಲಿ ತುಂಬಿಸಿದಳು. ಬನ್ಸಿನ ಹಿಟ್ಟಿಗೆ ಕಿವುಚಿ ಹಾಕುವುದು ಏನನ್ನೆಂಬುದು ದಾರಿಯ ನಡುವೆ, ಬೆಳಗಿನ ಜಾವ ಮೂರೂವರೆಗೆ, ನನಗೆ ಫಕ್ಕನೆ ನೆನಪಾಯಿತು. ಆಗ ನಾನು ಮಾಡಿದ್ದೂ ಹಳೆಯ ಕೆಲಸವೇ: ಸುಮ್ಮನಿದ್ದುಬಿಟ್ಟೆ.

ಜುಲೈ ತಿಂಗಳಾದರೂ ಬಂದರಿನಲ್ಲಿ ಮೈ ನಡುಗುವ ಚಳಿ. ಕ್ಯಾಪ್ಟನ್ ಐವತ್ತೈದರ ಆಸುಪಾಸಿನ ಗಟ್ಟಿ ಆಳು. ಎಲ್ಲರ ಕೈ ಕುಲುಕಿ, ಜೀವರಕ್ಷಕ ಜಾಕೀಟುಗಳನ್ನು ತೋರಿಸಿ, ಯಾರು ಎಲ್ಲಿ ನಿಲ್ಲಬೇಕು, ಏನನ್ನು ಮುಟ್ಟಬಾರದು ಎಂದು ಪಾಠ ಹೇಳಿದ. ಕಲ್ಲಿನ ತಡೆಗೋಡೆಯನ್ನೂ ಅದರ ಪಕ್ಕದ ದೀಪಸ್ತಂಭವನ್ನೂ ದಾಟುತ್ತಲೇ ದೋಣಿ ಏರಿಳಿಯತೊಡಗಿತು. ಮಗನ ಗೆಳೆಯರಲ್ಲೊಬ್ಬ ಮಾತ್ರೆ ಮರೆತು ಬಂದಿದ್ದ; ಪಾಪ, ಅವನ ಪಾಲಿನ 'ಸುಖ' ಅಲ್ಲಿಂದಲೇ ಆರಂಭವಾಯಿತು. ನನಗೆ ಏನೂ ಆಗಲಿಲ್ಲ. ಕಾಲುಗಳು ತಮ್ಮಷ್ಟಕ್ಕೆ ತಾವೇ ಅಗಲಿಸಿಕೊಂಡು, ಮಣಿಗಂಟು ಸಡಿಲಿಸಿಕೊಂಡು ನಿಂತವು. ಅವಕ್ಕೆ ಯಾರು ಹೇಳಿಕೊಟ್ಟರೋ!

ಮೊದಲ ಕೆಲಸ ಎರೆ ಹಿಡಿಯುವುದು. ಸಣ್ಣ ಸಣ್ಣ ಗಾಳಗಳ ಸರವನ್ನು ನೀರಿಗಿಳಿಸಿ ಎತ್ತಿದಾಗ ನಾಲ್ಕೈದು ಮೀನು ಪಟಪಟನೆ ಒದ್ದಾಡುತ್ತ ಬಂದವು. ನೋಡಿದೆ. ಬೆನ್ನಿನ ಮೇಲೆ ಹಸಿರು, ಅದರ ಮೇಲೆ ಅಲೆಯಲೆಯಾಗಿ ಕಪ್ಪು ಗೆರೆ. ನಮ್ಮ ಬಂಗುಡೆಯ ದಾಯಾದಿ! ಅವರು ಮ್ಯಾಕೆರೆಲ್ ಎನ್ನುತ್ತಾರೆ. ನಮ್ಮನ್ನು ಸಾಕಿದ, ನನ್ನ ಶಾಲೆಯ ಫೀಜು ಕಟ್ಟಿದ ಮೀನಿನ ಕುಲ ಇಲ್ಲಿ ಬೇರೊಂದು ಮೀನಿಗೆ ಎರೆ. ಟ್ಯೂನಾ ಕೂಡ ಅದೇ ಕುಲದ ದೊಡ್ಡಣ್ಣನೇ. ನಮ್ಮ ಕಡೆ ಗೇದರೆ ಎಂದು ಕರೆಯುವ ಟ್ಯೂನಾ ಮೊಳದುದ್ದದ ಬಡವ. ಇಲ್ಲಿಯದು ಅಟ್ಲಾಂಟಿಕ್ ಸಾಗರವನ್ನು ಈಜಿ ದಾಟುವ ಜಟ್ಟಿ; 1979ರಲ್ಲಿ ಕೆನಡಾದ ನೋವಾ ಸ್ಕೋಶದಲ್ಲಿ ಗಾಳಕ್ಕೆ ಬಿದ್ದ ಒಂದು 1,496 ಪೌಂಡು ತೂಗಿತ್ತು. 1960ರ ಸುಮಾರಿನಲ್ಲಿ ಈ ಕರಾವಳಿಯಲ್ಲಿ ಇದನ್ನು ಕೇಳುವವರಿರಲಿಲ್ಲ, ಬೆಕ್ಕಿನ ಆಹಾರಕ್ಕೆ ಪುಡಿಗಾಸಿಗೆ ಹೋಗುತ್ತಿತ್ತು. 1970ರ ದಶಕದಲ್ಲಿ ವಿಮಾನದಲ್ಲಿ ಮಂಜುಗಡ್ಡೆಯೊಡನೆ ಜಪಾನಿಗೆ ಸಾಗಿಸಲು ತೊಡಗಿದ ಮೇಲೆ ಇದಕ್ಕೆ ಶುಕ್ರದೆಸೆ ಬಂತು. 2019ರ ಹೊಸವರ್ಷದ ಹರಾಜಿನಲ್ಲಿ ಟೋಕಿಯೋದಲ್ಲಿ ಇದರ ಪೆಸಿಫಿಕ್ ಸಾಗರದ ಸೋದರನೊಂದು, 278 ಕಿಲೋ ತೂಕದ್ದು, 33 ಕೋಟಿ ಯೆನ್ನಿಗೂ ಮೇಲೆ ಹೋಯಿತು. ಅದು ಹಬ್ಬದ ದಿನದ ಪ್ರತಿಷ್ಠೆಯ ಬೆಲೆ; ದಿನನಿತ್ಯದ್ದಲ್ಲ. ಆದರೂ 73 ಅಂಗುಲದ ಕಲಮು ಏಕೆ ಬಂತೆಂಬುದು ಈಗ ಬ್ಯಾಂಕಿನವನಿಗೆ ಅರ್ಥವಾಯಿತು.

ಸ್ಟೆಲ್‌ವಾಗನ್ ಬ್ಯಾಂಕ್ ಎಂಬ ಮರಳ ದಿಬ್ಬ ನೀರಿನೊಳಗೆ ಮುಳುಗಿರುವ ಕಡೆಗೆ ಹೋದೆವು. ನಾನು ದುಡಿದ ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಠೇವಣಿ ಇರುವುದು ಮೀನು. ಮರಳಿನಲ್ಲಿ ಹುದುಗುವ ಸಣ್ಣ ಮೀನನ್ನು ತಿನ್ನಲು ತಿಮಿಂಗಿಲಗಳೂ ಬರುತ್ತವೆ, ಟ್ಯೂನಾಗಳೂ ಬರುತ್ತವೆ. ಎರಡು ತಿಮಿಂಗಿಲಗಳು ಬೆನ್ನು ತೋರಿಸಿದವು. ಮೊಮ್ಮಗ ಕುಣಿದಾಡಿದ. ಹತ್ತು ಗಂಟೆಯಾದರೂ ಗಾಳ ಅಲುಗಲಿಲ್ಲ. ಕ್ಯಾಪ್ಟನ್ ಮೀನು ತೋರಿಸುವ ಯಂತ್ರದ ಪರದೆ ನೋಡುತ್ತಿದ್ದ. ಡಬ್ಬಿ ತೆರೆದೆವು. ಅವನೂ ಎರಡು ಬನ್ಸ್ ತಿಂದು, ಬಹಳ ಚೆನ್ನಾಗಿದೆಯೆಂದು ಮೂರನೆಯದಕ್ಕೆ ಕೈ ನೀಡಿದ. ನನ್ನ ಎದೆ ಡವಡವಗುಟ್ಟಿತು.

ಅಷ್ಟರಲ್ಲಿ ದೂರದಲ್ಲಿ ಕಡಲಹಕ್ಕಿಗಳು ಒಂದೇ ಕಡೆ ಸುತ್ತಿ ಸುತ್ತಿ ನೀರಿಗೆ ಎರಗುವುದು ಕಾಣಿಸಿತು. "ಅಲ್ಲಿ!" ಎಂದು ಕೈ ತೋರಿಸಿದೆ. ಕ್ಯಾಪ್ಟನ್ ನನ್ನ ಮುಖವನ್ನೊಮ್ಮೆ, ಹಕ್ಕಿಗಳನ್ನೊಮ್ಮೆ ನೋಡಿ, ಮಾತಾಡದೆ ದೋಣಿ ತಿರುಗಿಸಿದ. ಜೀವಂತ ಮ್ಯಾಕೆರೆಲನ್ನು ಗಾಳಕ್ಕೆ ಚುಚ್ಚಿ ಬಿಟ್ಟು ಅರ್ಧ ಗಂಟೆಯಾಗಿರಲಿಲ್ಲ. ಗಾಣದ ದಾರ ಕಿರ್ರೆಂದು ಕೂಗುತ್ತ ಓಡತೊಡಗಿತು.

ಒಂದು ಗಂಟೆ ಹತ್ತು ನಿಮಿಷ ಮಗ ಎಳೆದ. ಗೆಳೆಯನೊಬ್ಬ ಸೊಂಟ ಹಿಡಿದುಕೊಂಡ, ಆಳು ನೀರು ಕುಡಿಸಿದ, ಕ್ಯಾಪ್ಟನ್ ಮೀನು ಓಡಿದ ಕಡೆಗೆ ದೋಣಿ ತಿರುಗಿಸುತ್ತಲೇ ಇದ್ದ. ಮಗನ ತೋಳು ನಡುಗುತ್ತಿತ್ತು, ಮುಖ ಕೆಂಪೇರಿತ್ತು. ಹಲ್ಲು ಕಚ್ಚಿ ಕುತ್ತಿಗೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಅವನು ಎಳೆಯುತ್ತಿದ್ದ ಭಂಗಿಯನ್ನು ನಾನು ಹಿಂದೆ ನೋಡಿದ್ದೆ, ಎಷ್ಟೋ ಸಲ, ರಂಪಣಿಯ ಹಗ್ಗದ ತುದಿಯಲ್ಲಿ. ಅಪ್ಪಯ್ಯ ತೀರಿಕೊಂಡಾಗ ಇವನಿಗೆ ಮೂರು ವರ್ಷ. ನೋಡಿ ಕಲಿತದ್ದಂತೂ ಅಲ್ಲ.

ಕೊನೆಗೆ ಮೀನು ದೋಣಿಯ ಪಕ್ಕದಲ್ಲಿ ಸುತ್ತು ಹಾಕತೊಡಗಿತು. ಕ್ಯಾಪ್ಟನ್ ಈಟಿ ಎತ್ತಿದ. ಈಟಿಗೆ ಕಟ್ಟಿದ ಹಗ್ಗ ಬಕೆಟ್ಟಿನಲ್ಲಿ ಸುರುಳಿಯಾಗಿತ್ತು. ಅದರ ಎರಡು ಸುತ್ತು ಹೊರಕ್ಕೆ ಜಾರಿ ನೆಲದ ಮೇಲೆ ಬಿದ್ದಿದ್ದವು. ಮೀನನ್ನು ಇಣುಕಿ ನೋಡುವ ಆತುರದಲ್ಲಿ ಮೊಮ್ಮಗ ತನ್ನ ಜಾಗ ಬಿಟ್ಟು ಓಡಿಬಂದು ಆ ಸುರುಳಿಯೊಳಗೇ ಕಾಲಿಟ್ಟ. ನಾನು ಯೋಚಿಸಿದ್ದು ನೆನಪಿಲ್ಲ. ರಟ್ಟೆ ಹಿಡಿದು ಎತ್ತಿ ಹಿಂದಕ್ಕೆ ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಅದೇ ಕ್ಷಣ ಈಟಿ ನೆಟ್ಟಿತು, ಹಗ್ಗ ಸೊಯ್ಯೆಂದು ಹೊರಕ್ಕೆ ಹಾರಿತು. "ಹಗ್ಗದ ಸುರುಳಿಯೊಳಗ್ ಕಾಲ್ ಇಡೂಕಾಗ!" ಎಂದು ಯಾರೋ ಗದರಿದರು. ಅದು ನನ್ನದೇ ದನಿ. ಐದನೆಯ ವಯಸ್ಸಿನಲ್ಲಿ ಕೆನ್ನೆಗೆ ಏಟು ತಿಂದು ನಾನು ಕಲಿತ ಮೊದಲ ಪಾಠ ಅದು.

ಮೀನನ್ನು ಒಳಗೆಳೆದು, ರಕ್ತ ಹರಿಯಬಿಟ್ಟು, ಅಳೆದರು. 76 ಅಂಗುಲ, ನನಗಿಂತ ಹನ್ನೊಂದು ಅಂಗುಲ ಉದ್ದ. ಮೊಮ್ಮಗ ಅದರ ಮೈಗೆ ಕೈಯಿಟ್ಟು, "ಅಜ್ಜ, ಬಿಸಿ ಇದೆ!" ಎಂದು ಬೆರಗಾದ. ಹೌದು, ಈ ಮೀನಿನ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಅದೇ ಅದರ ಓಟದ ಗುಟ್ಟು.

ಎಲ್ಲ ತಣ್ಣಗಾದ ಮೇಲೆ ಕ್ಯಾಪ್ಟನ್ ನನ್ನ ಹತ್ತಿರ ಬಂದು ಕುಳಿತ. "ನಿಮ್ಮ ಪಟ್ಟಿಯಲ್ಲಿ ಅನುಭವ ಇಲ್ಲವೆಂದು ಬರೆದಿದೆ" ಎಂದ. ಪ್ರಶ್ನೆಯಲ್ಲ, ಸುಮ್ಮನೆ ಹೇಳಿದ. ಮಗ ನೋಡುತ್ತಿದ್ದ.

"ಸುಳ್ಳು ಬರೆಸಿದೆ. ನನ್ನ ತಂದೆ ಮೀನು ಹಿಡಿಯುವವರು. ಹನ್ನೆರಡು ವರ್ಷದವರೆಗೆ ನಾನೂ ಹಗ್ಗ ಎಳೆದಿದ್ದೇನೆ" ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದು ಒಳ್ಳೆಯದಾಯಿತು. ಕನ್ನಡದಲ್ಲಾಗಿದ್ದರೆ ಗಂಟಲು ಕಟ್ಟುತ್ತಿತ್ತು. ಹೇಗೂ ಬಾಯಿ ತೆರೆದದ್ದಾಯಿತೆಂದು ಬನ್ಸಿನ ವಿಷಯವನ್ನೂ ಒಪ್ಪಿಕೊಂಡೆ. ಅವನು ದೋಣಿ ಅಲುಗುವಂತೆ ನಕ್ಕ.

ಅವನ ಅಜ್ಜ ಸಿಸಿಲಿಯಿಂದ ಬಂದ ಮೀನುಗಾರನಂತೆ. ಅವನೂ ಮೊದಲು ಕಾಡ್ ಮೀನಿನ ಬಲೆ ಎಳೆದವನೇ. ಕಾಡ್ ಕ್ಷೀಣಿಸಿ, 2013ರಲ್ಲಿ ಸರ್ಕಾರ ಹಿಡಿಯುವ ಮಿತಿಯನ್ನು ತೀರ ಇಳಿಸಿದ ಮೇಲೆ ಹಳೆಯ ದೋಣಿ ಮಾರಿ ಈ ಕಸುಬಿಗೆ ಬಂದ. "ಮೊದಲು ಮೀನು ಮಾರುತ್ತಿದ್ದೆ, ಈಗ ದಿನ ಮಾರುತ್ತೇನೆ" ಎಂದ. ಅಪ್ಪಯ್ಯನಿಗೆ ಮಾರಲು ದಿನವೂ ಇರಲಿಲ್ಲವೆಂದು ನನಗೆ ನೆನಪಾಯಿತು. ಕೊಳ್ಳುವವರು ಯಾರಿದ್ದರು ಆಗ?

ಬಂದರಿನಲ್ಲಿ ಮೀನು ಕೊಳ್ಳುವವನ ಗಾಡಿ ಬಂತು. ಮೊಮ್ಮಗನಿಗೆ ಅಳುವೇ ಬಂತು: "ಅಪ್ಪ ಹಿಡಿದದ್ದು! ಅವರಿಗೆ ಯಾಕೆ?" ಕರಾರನ್ನು ವಿವರಿಸಿದೆ; ಅವನು ಒಪ್ಪಲಿಲ್ಲ. ರಂಪಣಿಯ ಪಾಲಿನ ಕತೆ ಹೇಳಿದೆ, ಅದನ್ನು ಕೇಳಿದ. ಆಗ ಕ್ಯಾಪ್ಟನ್ ಎರೆಗೆಂದು ಹಿಡಿದು ಉಳಿದಿದ್ದ ಒಂಬತ್ತು ಮ್ಯಾಕೆರೆಲನ್ನು ಮಂಜುಗಡ್ಡೆಯೊಡನೆ ಚೀಲದಲ್ಲಿ ಹಾಕಿ ಹುಡುಗನ ಕೈಗೆ ಕೊಟ್ಟ. ಹಗ್ಗಕ್ಕೆ ಕೈ ಹಚ್ಚಿದ ಹುಡುಗರ ಪಾಲು! ನನಗೆ ಮಾತು ಹೊರಡಲಿಲ್ಲ.

ಹಿಂದಿರುಗುವಾಗ ಕಡಲ ಬದಿಯಲ್ಲಿ ಚುಕ್ಕಾಣಿ ಹಿಡಿದು ನಿಂತ ಮೀನುಗಾರನ ವಿಗ್ರಹವಿದೆ, 1925ರದು. ಸುತ್ತಲಿನ ಫಲಕಗಳಲ್ಲಿ ಕಡಲಿನಿಂದ ಮರಳದವರ ಹೆಸರುಗಳು, ಐದು ಸಾವಿರಕ್ಕೂ ಹೆಚ್ಚು. ಮಗ ಗಾಡಿ ನಿಲ್ಲಿಸಿದ. ಬಹಳ ಹೊತ್ತು ನೋಡಿ, "ಅಪ್ಪ, ಅಜ್ಜನ ಅಂಗೈ ಹೇಗಿತ್ತು?" ಎಂದು ಕೇಳಿದ. ಅವನ ಅಂಗೈಯಲ್ಲಿ ಆಗಲೇ ನಾಲ್ಕು ಬೊಕ್ಕೆ ಎದ್ದಿದ್ದವು. ಮನೆ ತಲುಪುವವರೆಗೂ ನಾನು ಹೇಳುತ್ತಲೇ ಇದ್ದೆ. ಸಾಲದ ಅರ್ಜಿಗಳ ಮಾತನ್ನೂ ಬಿಡಲಿಲ್ಲ. ಅವನು ಏನೂ ಅನ್ನಲಿಲ್ಲ; ನಡುವೆ ಒಮ್ಮೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತೆಗೆದ.

ರಾತ್ರಿ ನನ್ನ ಹೆಂಡತಿ ಮೀನಿನ ಸಾರು ಮಾಡಿದಳು. ನಮ್ಮ ಬಂಗುಡೆಯ ರುಚಿ ಅದಕ್ಕಿಲ್ಲವೆಂದು ನಾವಿಬ್ಬರೂ ಒಮ್ಮತದಿಂದ ತೀರ್ಮಾನಿಸಿ ಎರಡು ಸಲ ಬಡಿಸಿಕೊಂಡೆವು. ಮುಳ್ಳು ಬಿಡಿಸುವುದನ್ನು ಮೊಮ್ಮಗನಿಗೆ ಹೇಳಿಕೊಟ್ಟೆ.

1973ರ ಆ ಅರ್ಜಿ ಬ್ಯಾಂಕಿನ ಯಾವ ಕಡತದಲ್ಲಿ ಕೊಳೆಯುತ್ತಿದೆಯೋ ತಿಳಿಯದು. ನಿವೃತ್ತನಾದವನು ಹೋಗಿ ತಿದ್ದುತ್ತೇನೆಂದರೆ ಯಾರೂ ಕೊಡಲಾರರು. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆಯಲ್ಲಾದರೆ ನಾಲ್ಕು ಜನ ಓದಿಯಾರು. ತಂದೆಯ ಉದ್ಯೋಗ: ಮೀನುಗಾರಿಕೆ.